ಊಟದ ಹೊತ್ತಿಗೆ ಬರುವ ನೆಗಡಿ

ಎಲಾಸ್ಟಿಕ್ ಸಡಿಲವಾಗಿರಬೇಕು, ಇನ್ನೇನಿರುತ್ತದೆ ಎಂದು ಅವಳು ಬೆಳಿಗ್ಗೆಯಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಶಿಶುವಿಹಾರದ ಮೆಟ್ಟಿಲು ಹತ್ತುವಾಗ ಮಗಳ ಲಂಗ ಸೊಂಟದಿಂದ ಜಾರಿ ಮಂಡಿಗೆ ಇಳಿದಿತ್ತು. ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುವ ಆ ನಾಲ್ಕು ವರ್ಷದವಳಿಗೆ ಅದೊಂದು ತಮಾಷೆ. ಒಂದು ಕೈಯಲ್ಲಿ ಲಂಗ, ಇನ್ನೊಂದು ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಕಿಲಕಿಲ ನಗುತ್ತಾ ಒಳಗೆ ಓಡಿದಳು. ಮೆಟ್ಟಿಲ ಕೆಳಗೆ ನಿಂತಿದ್ದ ಅಮ್ಮನಿಗೆ ನಗು ಬರಲಿಲ್ಲ.

ಯಾಕೆಂದರೆ ಆ ಲಂಗಕ್ಕೆ ಅಳತೆ ತೆಗೆದವಳು ಅವಳೇ. ಅವಳಿಗೆ ಕೆಲಸ ಶಾಲಾ ಸಮವಸ್ತ್ರದ ಅಂಗಡಿಯಲ್ಲಿ. ಕೊರಳಿಗೆ ಟೇಪು ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರ ಮಕ್ಕಳ ಸೊಂಟ, ತೋಳು, ಮಂಡಿ ಅಳೆಯುವುದು, ಒಳಗೆ ಮೆಷಿನ್ನಿನ ಮುಂದೆ ಕೂತವನಿಗೆ ಕೂಗಿ ಹೇಳುವುದು. ಬೆಳೆಯುವ ಮಕ್ಕಳ ಬಟ್ಟೆಗೆ ಕೆಳಗಿನ ಅಂಚನ್ನು ಎರಡು ಬೆರಳಿನಷ್ಟು ಒಳಕ್ಕೆ ಮಡಚಿ ಹೊಲಿಸುತ್ತಾರೆ. ಮಗು ಎತ್ತರವಾದ ಹಾಗೆ ಬಿಚ್ಚಿ ಇಳಿಸಿಕೊಳ್ಳಬಹುದು. ಆ ಅಂಗಡಿಯಲ್ಲಿ ಇಷ್ಟು ವರ್ಷ ಮಕ್ಕಳ ಅಳತೆ ಮುಂದಕ್ಕೆ ಹೋಗುವುದನ್ನಷ್ಟೇ ಅವಳು ಕಂಡಿದ್ದಳು. ಹಿಂದಕ್ಕೆ ಹೋದದ್ದು ಅವಳದೊಬ್ಬಳದೇ ಅಳತೆ. ಅದರ ಕಾರಣ ಅಂಗಡಿಗೆಲ್ಲ ಗೊತ್ತಿತ್ತು. ಹೋದ ವರ್ಷ ಆಸ್ಪತ್ರೆಯಲ್ಲಿ ತೂಕ ಇಳಿಸಲೆಂದು ಅವಳ ಹೊಟ್ಟೆಯ ಬಹುಪಾಲನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಉಳಿಸಿ ಹೊಲಿದಿದ್ದರು.

ಸಂಜೆ ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಟೀಚರ್ ಬಾಗಿಲಲ್ಲೇ ತಡೆದರು. ಅವರ ಮುಖದಲ್ಲಿ ನಗು ಇತ್ತು.

"ನಿಮ್ಮ ಮಗಳಿಗೊಂದು ವಿಚಿತ್ರ ನೆಗಡಿ ನೋಡಿ. ಊಟದ ಹೊತ್ತಿಗೆ ಮಾತ್ರ ಬರುತ್ತೆ. ಡಬ್ಬಿ ತೆಗೀತಾಳೆ, ನಾಲ್ಕು ಚಮಚ ತಿಂತಾಳೆ, ಒಂದು ಸಲ ಸೀನ್ತಾಳೆ, ಡಬ್ಬಿ ಮುಚ್ಚಿಡ್ತಾಳೆ. ದಿನಾ ಹೀಗೇ. ಒಂದ್ಸಲ ಡಾಕ್ಟರಿಗೆ ತೋರಿಸಿಬಿಡಿ."

ತೋರಿಸುತ್ತೇನೆ ಎಂದು ಅವಳು ತಲೆಯಾಡಿಸಿದಳು. ಮನೆಗೆ ಬಂದವಳೇ ಲಂಗದ ಪಟ್ಟಿ ಬಿಚ್ಚಿ ಎಲಾಸ್ಟಿಕ್ ಹೊರಗೆಳೆದಳು. ಜಗ್ಗಿ ಬಿಟ್ಟರೆ ಅದು ಹೊಸದರ ಹಾಗೆ ಚಟ್ಟನೆ ಬೆರಳಿಗೆ ಬಡಿಯಿತು. ಎಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಟಿವಿ ನೋಡುತ್ತಾ ನಿಂತಿದ್ದ ಮಗಳ ಸೊಂಟಕ್ಕೆ ಟೇಪು ಸುತ್ತಿದಳು. ಗುಬ್ಬಿ ತಾನೊಬ್ಬ ಗಿರಾಕಿ ಎನ್ನುವ ಗತ್ತಿನಲ್ಲಿ ಕೈ ಎತ್ತಿ ನಿಂತಿತು. ಶಾಲೆ ಶುರುವಾಗುವಾಗ ಬಂದಿದ್ದ ಅಳತೆಗಿಂತ ಟೇಪು ಒಳಗೇ ನಿಂತಿತು.

ಆ ಸೀನು ಯಾರದು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವಳದೇ.

ಆಪರೇಷನ್ ಮಾಡಿಸಿಕೊಂಡದ್ದು ಚಂದ ಕಾಣಲಿಕ್ಕಲ್ಲ. ಹೆರಿಗೆಯ ನಂತರ ಮೈ ಏರುತ್ತಲೇ ಹೋಗಿ, ಸಕ್ಕರೆ ಕಾಯಿಲೆ ಬಂದು, ಮಕ್ಕಳ ಮಂಡಿ ಅಳೆಯಲು ಬಗ್ಗಿದರೆ ಕೌಂಟರ್ ಹಿಡಿದುಕೊಳ್ಳದೆ ಏಳಲಾಗದ ಸ್ಥಿತಿ ಬಂದಿತ್ತು. ಒಂದು ದಿನ ಹಾಗೆ ಏಳುವಾಗ, ಅಳತೆಗೆ ನಿಂತಿದ್ದ ಒಬ್ಬ ಪುಟಾಣಿ ತನ್ನ ಎರಡೂ ಕೈ ಚಾಚಿ, ಹಿಡ್ಕೊಳ್ಳಿ ಆಂಟಿ, ಎಂದಿದ್ದ. ಆವತ್ತೇ ಅವಳು ಡಾಕ್ಟರ ಹತ್ತಿರ ಹೋದಳು.

ಆಮೇಲಿನ ಕಟ್ಟಳೆಗಳು ಒಂದೆರಡಲ್ಲ. ಮೊದಮೊದಲು ಬರೀ ತಿಳಿ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗೆ ಬೇಯಿಸಿದ್ದು. ತಟ್ಟೆ ಸಣ್ಣದಿರಬೇಕು, ಚಮಚ ಸಣ್ಣದಿರಬೇಕು. ಪ್ರತಿ ತುತ್ತನ್ನೂ ಅಗಿದು ಅಗಿದು ನೀರು ಮಾಡಬೇಕು. ತುತ್ತಿನ ನಡುವೆ ಚಮಚ ಕೆಳಗಿಡಬೇಕು. ಊಟದ ಜೊತೆ ನೀರು ಕುಡಿಯಬಾರದು. ಹೊಟ್ಟೆ ತುಂಬಿತು ಎನ್ನಲು ಒಬ್ಬೊಬ್ಬರ ಮೈ ಒಂದೊಂದು ಗುರುತು ಕೊಡುತ್ತದಂತೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಮೂಗು ಸೋರುವುದು. ಅವಳಿಗೆ ಒಂದು ಸೀನು. ಸೀನು ಬಂತೆಂದರೆ ಮುಗಿಯಿತು. ಅದರ ಮೇಲೆ ಒಂದು ಕಾಳು ಹೆಚ್ಚಾದರೂ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ.

ಸಣ್ಣ ತಟ್ಟೆ ಎಂದಾಗ ಮನೆಯಲ್ಲಿ ಇದ್ದದ್ದು ಮಗಳದೇ, ಅಂಚಿಗೆ ಮೀನಿನ ಚಿತ್ರ ಇರುವಂಥದು. ಅದರ ಜೋಡಿ ಇನ್ನೊಂದನ್ನು ತಂದು, ಗುಬ್ಬಿಯ ಪುಟ್ಟ ಮೇಜಿನ ಮುಂದೆ ಅವಳ ಪಕ್ಕದಲ್ಲೇ ಕೂತು ಉಣ್ಣತೊಡಗಿದಳು. ಅಮ್ಮ ತನ್ನ ಹಾಗೆ ಆದಳಲ್ಲ ಎಂದು ಮಗಳಿಗೆ ಹಿಗ್ಗೋ ಹಿಗ್ಗು. ಅಗಿಯುವುದು ಬೇಸರವಾಗದಿರಲಿ ಎಂದು ಅವಳೇ ಅದನ್ನೊಂದು ಆಟ ಮಾಡಿದಳು. ಇಬ್ಬರೂ ಒಟ್ಟಿಗೆ ಚಮಚ ಎತ್ತುವುದು, ಒಟ್ಟಿಗೆ ಅಗಿಯುವುದು, ಒಟ್ಟಿಗೆ ಕೆಳಗಿಡುವುದು. ಕೊನೆಗೆ ಅಮ್ಮ ಸೀನಿದಾಗ ಮಗಳೂ ಆಕ್ಷೀ ಎನ್ನುವುದು, ಇಬ್ಬರೂ ತಟ್ಟೆ ದೂಡಿ ಚಪ್ಪಾಳೆ ತಟ್ಟುವುದು. ಅತ್ತೆ ಸೌಟು ಹಿಡಿದು ನಿಂತು ನೋಡಿ ನಗುತ್ತಿದ್ದರು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎನ್ನುತ್ತಿದ್ದರು. ಆಟ ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಗುವಿನ ಹೊಟ್ಟೆಯನ್ನು ಯಾರೂ ಕತ್ತರಿಸಿಲ್ಲ ಎನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಟೀಚರ್ ಹೇಳಿದ್ದನ್ನು ಅವಳು ಮನೆಯಲ್ಲಿ ನೆಗಡಿ ಎಂದಷ್ಟೇ ತಿಳಿಸಿದಳು. ಅತ್ತೆ ಮೊಮ್ಮಗಳಿಗೆ ಹೊದಿಕೆ ಹೊದಿಸಿ ಬಿಸಿನೀರಿನ ಆವಿ ಹಿಡಿಸಿದರು. ಗುಬ್ಬಿ ಬೆವೆತು, ಕೆಂಪಗಾಗಿ ಹೊರಗೆ ಬಂದು, ಇನ್ನೊಂದ್ಸಲ ಅಜ್ಜಿ, ಎಂದಿತು. ಮೂಗಿನಲ್ಲಿ ಒಂದು ಹನಿ ಇರಲಿಲ್ಲ.

ಆಪರೇಷನ್ ಆದ ಮೇಲೆ ಅವಳ ತೂಕ ಹೋಯಿತು, ಸಕ್ಕರೆ ಹಿಡಿತಕ್ಕೆ ಬಂತು, ಬಗ್ಗಿದರೆ ತಾನಾಗಿಯೇ ಏಳುತ್ತಿದ್ದಳು. ಅಂಗಡಿಗೆ ಬಂದವರು, ಏನಮ್ಮಾ ಗುರುತೇ ಸಿಗಲಿಲ್ಲ, ಎಂದರೆ ನಗುತ್ತಿದ್ದಳು. ಆದರೆ ಹೋದದ್ದು ಬರೀ ಮೈಯಲ್ಲ. ಮೊದಲು ಅಂಗಡಿಯಲ್ಲಿ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಹಸಿವು ಬರುತ್ತಿತ್ತು. ಬಾಗಿಲು ತಟ್ಟದೆ ಒಳಗೆ ಬರುವ ಗೆಳತಿಯ ಹಾಗೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಡಬ್ಬಿಯಲ್ಲಿ ಏನಿದೆ, ಸಂಜೆ ಮನೆಯಲ್ಲಿ ಏನು ಮಾಡೋಣ ಎಂದು ಕಿವಿಯಲ್ಲಿ ಉಸುರುತ್ತಿತ್ತು. ಈಗ ಆ ಹೊತ್ತಿಗೆ ಯಾರೂ ಬರುವುದಿಲ್ಲ. ಗಡಿಯಾರ ನೋಡಿ ತಿನ್ನಬೇಕು, ಮಾತ್ರೆ ನುಂಗಿದ ಹಾಗೆ. ಪಕ್ಕದ ಬೇಕರಿಯಲ್ಲಿ ಬಿಸಿ ಬ್ರೆಡ್ಡು ಹೊರಗೆ ತೆಗೆಯುವಾಗ ಬರುವ ವಾಸನೆಗೆ ಅವಳು ಅಳತೆಯ ನಡುವೆ ಟೇಪು ಹಿಡಿದು ಸುಮ್ಮನೆ ನಿಂತುಬಿಡುತ್ತಿದ್ದಳು. ತಿನ್ನಬೇಕು ಅನ್ನಿಸುತ್ತಿರಲಿಲ್ಲ. ತಿನ್ನಬೇಕು ಅನ್ನಿಸಲಿ ಎಂದು ಅನ್ನಿಸುತ್ತಿತ್ತು.

ಇನ್ನೊಂದು ಆಸೆಯನ್ನು ಮನೆಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ. ಗಂಡ ಲಿಫ್ಟ್ ರಿಪೇರಿಯವನು. ಮದುವೆಯಾದ ಹೊಸತರಲ್ಲಿ ಒಂದೇ ಕೋಣೆಯ ಮನೆ, ಎರಡೇ ತಟ್ಟೆ. ಅದರಲ್ಲೊಂದು ಯಾವಾಗಲೂ ಪಾತ್ರೆಗೆ ಮುಚ್ಚಳ. ಹಾಗಾಗಿ ಒಂದೇ ತಟ್ಟೆಯಲ್ಲಿ ಇಬ್ಬರೂ ಉಣ್ಣುತ್ತಿದ್ದರು. ತಟ್ಟೆಗಳು ಹೆಚ್ಚಾದ ಮೇಲೂ ಆ ರೂಢಿ ತಪ್ಪಿರಲಿಲ್ಲ. ಗ್ರೀಸಿನ ಕಪ್ಪು ಪೂರ್ತಿ ಹೋಗದ ಬೆರಳಿನಿಂದ ಅವನು ಚೆನ್ನಾಗಿರುವುದನ್ನೆಲ್ಲ ಅವಳ ಬದಿಗೆ ಸರಿಸುತ್ತಿದ್ದ. ಮಾತೇನೂ ಇರುತ್ತಿರಲಿಲ್ಲ. ಈಗ ಅವನು ಅಡುಗೆಮನೆಯಲ್ಲಿ ನಿಂತುಕೊಂಡೇ, ಬೆನ್ನು ಇತ್ತ ಮಾಡಿ ಗಬಗಬ ಉಂಡು ಮುಗಿಸುತ್ತಾನೆ. ಅವಳ ಎದುರು ಉಣ್ಣುವುದು ತಪ್ಪು ಎನ್ನುವ ಹಾಗೆ. ಅವಳ ಮನಸ್ಸು ನೋಯಿಸದಿರಲು ಹಾಗೆ ಮಾಡುತ್ತಾನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಆ ಬೆನ್ನನ್ನು ನೋಡಲಾಗುತ್ತಿರಲಿಲ್ಲ.

ಇಂಥದ್ದನ್ನೆಲ್ಲ ಹೇಳಿಕೊಳ್ಳಲು ಒಂದು ಜಾಗ ಇತ್ತು. ಆಪರೇಷನ್ ಆದವರು ತಿಂಗಳಿಗೊಂದು ಶನಿವಾರ ಆಸ್ಪತ್ರೆಯ ನೆಲಮಾಳಿಗೆಯ ಕೋಣೆಯೊಂದರಲ್ಲಿ ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗೋಡೆಯ ಆಚೆ ಕ್ಯಾಂಟೀನು. ಎಣ್ಣೆಯಲ್ಲಿ ಏನಾದರೂ ಬಿದ್ದ ಸದ್ದು ಬಂದರೆ ಎಲ್ಲರ ಕತ್ತೂ ಅತ್ತ ತಿರುಗುತ್ತಿತ್ತು. ಹೊಸಬರಿಗೆ ಹಳಬರೊಬ್ಬರನ್ನು ಜೊತೆ ಮಾಡಿಕೊಡುವುದು ಅಲ್ಲಿಯ ಪದ್ಧತಿ. ಅವಳಿಗೆ ಜೊತೆಯಾಗಿ ಸಿಕ್ಕವರು ಬಸ್ ಕಂಡಕ್ಟರ್ ಹೆಂಗಸು. ಎಲ್ಲರಿಗೂ ಅವರು ಟಿಕೆಟ್ ಅಕ್ಕ. ಬಸ್ಸಿನ ಕೊನೆಯ ಸೀಟಿನವರೆಗೆ ಮುಟ್ಟುವ ಗಂಟಲು. ಆ ಕೋಣೆಯಲ್ಲಿ ಪಿಸುಗುಟ್ಟಿದರೂ ಕ್ಯಾಂಟೀನಿನವರಿಗೆ ಕೇಳಿಸಬೇಕು.

"ಬೆಕ್ಕನ್ನ ಮೀನಂಗಡಿ ಪಕ್ಕ ಕೂರಿಸಿ ಉಪವಾಸದ ಪಾಠ ಹೇಳ್ತಾರೆ ನೋಡು" ಎಂದು ಮೊದಲ ದಿನವೇ ಅವಳ ಪಕ್ಕೆ ತಿವಿದಿದ್ದರು.

ಹೊಟ್ಟೆ ಎನ್ನುವುದು ಬಸ್ಸಿದ್ದ ಹಾಗೆ, ಸೀಟು ಇದ್ದಷ್ಟೇ ಜನ, ಪಾಪ ಅಂತ ಒಬ್ಬರನ್ನು ನಿಲ್ಲಿಸಿಕೊಂಡರೆ ಹತ್ತು ಜನ ಬಾಗಿಲಲ್ಲಿ ನೇತಾಡುತ್ತಾರೆ ಎಂದು ತಿಳಿಹೇಳಿದ್ದೂ ಅವರೇ. ಅಲ್ಲಿ ಅವರು ತಂದ ಒಂದು ನಿಯಮವಿತ್ತು. ಯಾರೂ ಯಾರನ್ನೂ ಊಟ ಆಯ್ತಾ ಎಂದು ಕೇಳಬಾರದು. ಹೊರಗಡೆ ಇಡೀ ಲೋಕವೇ ಕೇಳುತ್ತದೆ. ಆಯಿತು ಎಂದರೆ ಎಷ್ಟು ಎನ್ನುತ್ತದೆ, ಇಲ್ಲ ಎಂದರೆ ಅಯ್ಯೋ ಎನ್ನುತ್ತದೆ. ಇಲ್ಲಿ ಕೇಳಬೇಕಾದದ್ದು, ನೀರು ಕುಡಿದ್ಯಾ? ಹೊಟ್ಟೆ ಸಣ್ಣದಾದವರು ನೀರನ್ನು ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು, ಮರೆತರೆ ಡ್ರಿಪ್ ಹಾಕಿಸಿಕೊಳ್ಳಬೇಕಾಗುತ್ತದೆ. ಆದರೆ ಆ ಮಾತಿನಲ್ಲಿ ನೀರಷ್ಟೇ ಇರಲಿಲ್ಲ. ನೀನು ಹೇಗಿದ್ದೀಯ, ಸೋತಿದ್ದೀಯಾ, ಅತ್ತಿದ್ದೀಯಾ ಎಲ್ಲವೂ ಅದರೊಳಗೇ ಇತ್ತು.

ಹಸಿವು ಬರುತ್ತಿಲ್ಲ ಎಂದು ಅವಳು ಅತ್ತ ದಿನ ಉಳಿದವರು, ಒಳ್ಳೇದೇ ಆಯ್ತಲ್ಲ, ಎಂದಿದ್ದರು. ಟಿಕೆಟ್ ಅಕ್ಕ ಮಾತ್ರ ಅವಳನ್ನು ಬಸ್ ಸ್ಟಾಪಿನವರೆಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿ ಹೇಳಿದ್ದರು:

"ನಾನೂ ಅತ್ತಿದ್ದೆ ಕಣೆ. ಬೊಜ್ಜು ಹೋಯ್ತು ಅಂತ ಎಲ್ಲರೂ ಕೈ ಕುಲುಕ್ತಾರೆ. ಒಳಗೆ ಯಾರು ತೀರ್ಕೊಂಡ್ರು ಅಂತ ಯಾರೂ ಕೇಳಲ್ಲ."

ಅಷ್ಟು ಹೇಳಿದವರನ್ನು ಅವಳು ಬಿಟ್ಟುಬಿಟ್ಟಿದ್ದಳು.

ಆದದ್ದಿಷ್ಟು. ಒಂದು ಶನಿವಾರ ಟಿಕೆಟ್ ಅಕ್ಕನ ಸರದಿ ಬಂದಾಗ ಅವರು ತಮಾಷೆ ಮಾಡಲಿಲ್ಲ. ತೂಕ ವಾಪಸ್ ಬರ್ತಾ ಇದೆ ಎಂದರು. ಯೂನಿಫಾರ್ಮಿನ ಗುಂಡಿಗಳು ಬಿಗಿದುಕೊಂಡಿದ್ದದ್ದು ಎಲ್ಲರಿಗೂ ಕಾಣುತ್ತಲೇ ಇತ್ತು. "ನನ್ನ ಮಗ ಊಟ ಬಿಟ್ಟಿದ್ದ. ಅವನ ಜೊತೆ ತಟ್ಟೆ ಹಾಕ್ಕೊಂಡು ಕೂತೆ" ಎಂದು ಅರ್ಧಕ್ಕೆ ನಿಲ್ಲಿಸಿದರು. ಮುಂದೇನು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ನೆಲ ನೋಡಿದರು. ಸಭೆ ನಡೆಸುತ್ತಿದ್ದ ಡಯಟಿಷಿಯನ್ ಕೆಮ್ಮಿ, ಮುಂದಿನವರು, ಎಂದರು. ಅವಳಿಗೂ ಆ ಕ್ಷಣ ಅನ್ನಿಸಿದ್ದು ಅಕ್ಕನ ಮಗನ ಬಗ್ಗೆ ಅಲ್ಲ. ಇದು ಅಂಟುತ್ತದೆ ಎಂಬ ಹೆದರಿಕೆ. ಹತ್ತಿರ ಕೂತರೆ ತನ್ನ ಮೈಯೂ ವಾಪಸ್ ಬಂದೀತು, ಮತ್ತೆ ಯಾರೋ ಪುಟಾಣಿ ಕೈ ಚಾಚೀತು ಎಂಬ ಹೆದರಿಕೆ. ಮರುತಿಂಗಳು ಮಗಳಿಗೆ ಹುಷಾರಿಲ್ಲ ಎಂದಳು. ಅದರ ಮುಂದಿನ ತಿಂಗಳು ನೆಂಟರು ಎಂದಳು. ಅಕ್ಕನ ಫೋನು ಬಂದರೆ ಕೈಯಲ್ಲಿ ಹಿಡಿದುಕೊಂಡೇ ಅದು ನಿಲ್ಲುವವರೆಗೆ ಕಾಯುತ್ತಿದ್ದಳು. ಆಮೇಲೆ ವಾರಕ್ಕೊಂದು ಮೆಸೇಜು ಬರತೊಡಗಿತು: ನೀರು ಕುಡಿದ್ಯಾ? ಅವಳು ಉತ್ತರ ಬರೆಯಲಿಲ್ಲ. ಒಂದು ವಾರ ಅದೂ ನಿಂತಿತು. ವಿಚಿತ್ರವೆಂದರೆ ನಿಂತ ಮೇಲೆಯೇ ಅವಳು ಅದಕ್ಕಾಗಿ ಕಾಯತೊಡಗಿದ್ದು. ಬಸ್ಸು ಹೋಗುವಾಗ ರೈಟ್ ಎನ್ನುವ ಹೆಣ್ಣು ದನಿ ಕೇಳಿದರೆ ಅಂಗಡಿಯ ಬಾಗಿಲಿಗೆ ಬರುತ್ತಿದ್ದಳು. ಬೇರೆ ಯಾರೋ ಆಗಿರುತ್ತಿದ್ದರು.

ಲಂಗ ಜಾರಿದ ವಾರದ ಭಾನುವಾರ ಅವಳೊಂದು ನಿರ್ಧಾರಕ್ಕೆ ಬಂದಳು. ಮಗಳು ತನ್ನನ್ನು ನೋಡಿ ಬಿಟ್ಟಿದ್ದರೆ ತನ್ನನ್ನು ನೋಡಿಯೇ ತಿನ್ನಲಿ. ಎಲ್ಲೋ ಲಿಫ್ಟು ಕೆಟ್ಟು ನಿಂತಿತ್ತೆಂದು ಗಂಡ ರಜೆಯ ದಿನವೂ ಹೊರಟುಹೋಗಿದ್ದ. ಅತ್ತೆ ಮೀನಿನ ತಟ್ಟೆಗಳೆರಡಕ್ಕೂ ಮೆತ್ತಗಿನ ಅನ್ನ, ಬೇಳೆ, ಮೊಟ್ಟೆ ಹಾಕಿಕೊಟ್ಟರು. ಅವಳು ತನ್ನ ತಟ್ಟೆಗೆ ಇನ್ನೂ ಸ್ವಲ್ಪ ಹಾಕಿಸಿಕೊಂಡಳು. ಅತ್ತೆ ಹುಬ್ಬೇರಿಸಿದರು.

ನಾಲ್ಕನೆಯ ಚಮಚಕ್ಕೆ ಮೂಗಿನ ತುದಿ ಜುಮ್ಮೆಂದಿತು. ಅವಳು ಮೂಗನ್ನು ಬೆರಳಿನಿಂದ ಒತ್ತಿ ಹಿಡಿದಳು.

"ಅಮ್ಮಾ, ಸೀನು ಬಂತಾ?" ಗುಬ್ಬಿ ಚಮಚ ಕೆಳಗಿಟ್ಟು ಕಾದಿತ್ತು.

"ಇಲ್ಲ ಕಂದಾ. ಇವತ್ತು ಅಮ್ಮ ಸೀನಲ್ಲ. ಇವತ್ತು ತುಂಬಾ ತಿಂತೀವಿ."

ಅವಳು ಐದನೆಯದನ್ನು ಎತ್ತಿದಳು. ಮಗುವೂ ಎತ್ತಿತು. ಅವಳು ಅಗಿದಳು, ಮಗುವೂ ಅಗಿಯಿತು. ಆರನೆಯದಕ್ಕೆ ಎದೆಯಲ್ಲಿ ಕಲ್ಲು ಬಂದು ಕೂತಿತು. ಆದರೆ ಪಕ್ಕದಲ್ಲಿ ಆ ಪುಟ್ಟ ಕೆನ್ನೆ ಉಬ್ಬುವುದನ್ನು ನೋಡಿ ನೋಡಿ ಅವಳಿಗೆ ನಿಲ್ಲಿಸಲಾಗಲಿಲ್ಲ. ಎಷ್ಟು ದಿನವಾಗಿತ್ತು ಆ ಕೆನ್ನೆ ಹಾಗೆ ಉಬ್ಬಿ. ಇನ್ನೊಂದು, ಇನ್ನೊಂದೇ ಒಂದು. ಬಾಯಲ್ಲಿ ಜೊಲ್ಲು ತುಂಬಿ ಬಂತು, ಹಣೆ ಬೆವರಿತು, ಕೈಯಲ್ಲಿದ್ದ ಚಮಚ ನೆಲಕ್ಕೆ ಬಿತ್ತು. ಅವಳು ಎದ್ದು ಬಚ್ಚಲಿಗೆ ಓಡಿದಳು.

ಉಂಡದ್ದೆಲ್ಲ ಹೊರಬಂತು. ಆಮೇಲೂ ಹೊಟ್ಟೆ ಹಿಂಡುತ್ತಲೇ ಇತ್ತು. ಗೋಡೆ ಹಿಡಿದು ತಿರುಗಿದರೆ ಬಾಗಿಲಲ್ಲಿ ಅತ್ತೆ, ಅವರ ಸೆರಗು ಹಿಡಿದು ಗುಬ್ಬಿ. ಮಗುವಿನ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹೊಸ ಪಾಠವನ್ನು ಗಮನವಿಟ್ಟು ಕೇಳಿಸಿಕೊಳ್ಳುವಾಗಿನ ಮುಖ ಅದು.

"ಅಮ್ಮಾ, ಸೀನದಿದ್ರೆ ಹೀಗೆ ಮಾಡ್ಬೇಕಾ? ನಾನೂ ಮಾಡ್ಲಾ?"

ಅತ್ತೆ, ನೂಲಿನಂತೆ, ಎಂದು ಅಭ್ಯಾಸದಿಂದ ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ಮಗುವನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು. ಹಾಗೆ ಕೂರಿಸಿಕೊಳ್ಳುವಾಗ ಅದರ ಹಗುರ ಅವರ ಕೈಗೂ ತಿಳಿದಿರಬೇಕು. ಒಮ್ಮೆ ಮೊಮ್ಮಗಳನ್ನು, ಒಮ್ಮೆ ಸೊಸೆಯನ್ನು ನೋಡಿದರು.

"ನೆಗಡಿ ಅಲ್ಲ, ಅಲ್ವೇನೇ?"

ಅವಳು ಅಲ್ಲವೆಂದು ತಲೆಯಾಡಿಸಿದಳು. ಬಚ್ಚಲ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು: ಟೇಪು, ಎಲಾಸ್ಟಿಕ್ಕು, ಆಟ, ಸೀನು. ತಾನು ತಿಂದರೆ ಹೀಗಾಗುತ್ತದೆ, ತಿನ್ನದಿದ್ದರೆ ಮಗಳು ತಿನ್ನುವುದಿಲ್ಲ. ಅತ್ತೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ನಾನು ಮೂರು ಮಕ್ಕಳಿಗೆ ಉಣಿಸಿದೀನಿ. ಆದರೆ ಇದು ನನಗೆ ಗೊತ್ತಿರೋ ವಿಷಯ ಅಲ್ಲ ಕಣೆ" ಎಂದರು. "ಡಾಕ್ಟರ ಹತ್ರ ನಾಳೆ ಹೋಗೋಣ. ಇವತ್ತು ನಿನ್ನ ಹಾಗೇ ಆದೋರು ಯಾರಾದ್ರೂ ಇದ್ರೆ ಕೇಳು. ಇವಳನ್ನ ನಾನು ನೋಡ್ಕೋತೀನಿ."

ನಿನ್ನ ಹಾಗೇ ಆದೋರು. ಆ ಮಾತು ಕೇಳಿದ ಮೇಲೆ ಅರ್ಧಕ್ಕೆ ನಿಂತ ಆ ಶನಿವಾರದ ವಾಕ್ಯ ಅವಳ ಕಿವಿಯಲ್ಲಿ ಮತ್ತೆ ಬಂತು. ನನ್ನ ಮಗ ಊಟ ಬಿಟ್ಟಿದ್ದ. ಅಷ್ಟು ಜನರಿದ್ದ ಕೋಣೆಯಲ್ಲಿ ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವಳು ತಾನೊಬ್ಬಳೇ ಆಗಿದ್ದಳಲ್ಲ.

ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ನಿಂತಳು. ತಂತಿಯ ಮೇಲೆ ಗುಬ್ಬಿಯ ಲಂಗವೂ ಇತ್ತು. ಪಟ್ಟಿ ಬಿಚ್ಚಿ, ಎಲಾಸ್ಟಿಕ್ ಇಲ್ಲದೆ ಅಗಲವಾಗಿ ತೂಗುತ್ತಿತ್ತು. ಕೆಳಗಿನ ಅಂಚಿನಲ್ಲಿ ಒಳಕ್ಕೆ ಮಡಚಿದ ಎರಡು ಬೆರಳು ಬಟ್ಟೆ ಹಾಗೇ ಇತ್ತು. ಫೋನಿನಲ್ಲಿ ಟಿಕೆಟ್ ಅಕ್ಕ ಎಂಬ ಹೆಸರು ತೆಗೆದಳು. ಅದರ ಕೆಳಗೆ ಉತ್ತರವಿಲ್ಲದ ಮೆಸೇಜುಗಳ ಸಾಲು. ಈಗ ನೆನಪಾಯ್ತಾ ಎಂದರೆ ಏನು ಹೇಳುವುದು? ಎತ್ತದೇ ಹೋದರೆ? ತಾನು ಮಾಡಿದ್ದು ಅದನ್ನೇ ಅಲ್ಲವೇ? ಒಳಗಿನಿಂದ ಅತ್ತೆ ಮಗುವಿಗೆ ಕಾಗೆಯ ಕಥೆ ಹೇಳುವುದು ಕೇಳಿಸಿತು. ಕಥೆಯ ನಡುವೆ ಒಂದು ಪುಟ್ಟ ಆಕ್ಷೀ.

ಅವಳು ಬೆರಳು ಒತ್ತಿದಳು.

ರಿಂಗಾಯಿತು. ಬಹಳ ಹೊತ್ತು ಆಯಿತು. ಇನ್ನೇನು ಎತ್ತುವುದಿಲ್ಲ ಎನ್ನುವಾಗ ಆಚೆ ಕಡೆ ಎಂಜಿನ್ನಿನ ಗುರುಗುರು, ಚಿಲ್ಲರೆಯ ಜಣಜಣ, ಯಾರೋ ಮುದುಕರು ಯಾವುದೋ ಸ್ಟಾಪಿನ ಹೆಸರು ಕೇಳುವ ದನಿ. ಅದರ ಮೇಲೆ, ಎಲ್ಲವನ್ನೂ ಮುಚ್ಚಿ ಬರುವ ಆ ಗಂಟಲು:

"ತಂಗೀ? ನೀರು ಕುಡಿದ್ಯಾ?"

ಇಷ್ಟು ತಿಂಗಳು ಎಲ್ಲಿ ಹೋಗಿದ್ದೆ ಎಂದು ಅಕ್ಕ ಕೇಳಲಿಲ್ಲ, ಕೇಳುವ ಸೂಚನೆಯೂ ಆ ದನಿಯಲ್ಲಿರಲಿಲ್ಲ.

"ಇಲ್ಲ ಅಕ್ಕ" ಎಂದಳು. "ಅಕ್ಕಾ, ಆವತ್ತು ಹೇಳಿದ್ರಲ್ಲ, ನಿಮ್ಮ ಮಗ ಊಟ ಬಿಟ್ಟಿದ್ದ ಅಂತ. ಆಮೇಲೆ ಏನಾಯ್ತು?"

ಆಚೆ ಕಡೆ ಬಸ್ಸು ಯಾವುದೋ ಸ್ಟಾಪಿನಲ್ಲಿ ನಿಂತಿರಬೇಕು. ಬಾಗಿಲು ತೆರೆದ ಸದ್ದು, ಇಳಿಯುವವರ ಹೆಜ್ಜೆ.

"ಅದನ್ನ ಒಬ್ಬರಾದ್ರೂ ಕೇಳ್ಲಿ ಅಂತ ಎಷ್ಟು ಕಾದಿದ್ದೆ ಗೊತ್ತೇನೇ" ಎಂದರು ಟಿಕೆಟ್ ಅಕ್ಕ. ಆ ದೊಡ್ಡ ಗಂಟಲು ಮೊದಲ ಸಲ ಸಣ್ಣದಾಗಿತ್ತು. ಆಮೇಲೆ ಮೂಗು ಎಳೆದುಕೊಂಡರು. "ಈಗ ಉಣ್ತಾನೆ. ತಪ್ಪು ದಾರಿಲೂ ಹೋದೆ, ಸರಿ ದಾರಿನೂ ಸಿಕ್ತು. ಎರಡನ್ನೂ ಹೇಳ್ತೀನಿ. ನಿನ್ನ ಗುಬ್ಬಿ ಅಲ್ವಾ? ಗೊತ್ತಾಯ್ತು ಬಿಡು. ಫೋನ್ ಇಡಬೇಡ, ಲೈನಲ್ಲೇ ಇರು. ಮೊದಲು ಹೋಗಿ ಒಂದು ಗುಟುಕು ನೀರು ಕುಡಿ."

ಆಮೇಲೆ ಬಸ್ಸಿಗೆ ಕೇಳುವ ಹಾಗೆ, "ರೈಟ್."

ಬಸ್ಸು ಹೊರಟಿತು. ಫೋನನ್ನು ಕಿವಿಗೆ ಒತ್ತಿಕೊಂಡೇ ಅವಳು ನೀರಿಗಾಗಿ ಒಳಗೆ ನಡೆದಳು.